ನಾಲ್ಕು ಉಡುದಾರದ ಗಳ

ಇದನ್ನು ಹೇಳಲು ಹೊರಟಿರುವುದಕ್ಕೆ ಓದುವವರು ಮೊದಲು ನನ್ನನ್ನು ಮನ್ನಿಸಬೇಕು. ನಾನು ಹಗಲು ಬಿದಿರುಗಳದ ಅಂಗಳದಲ್ಲಿ ದುಡಿದು, ಸಂಜೆ ಶಾಲೆಯಲ್ಲಿ ಅಕ್ಷರ ಕಲಿತವನು. ನನಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನಮ್ಮ ಮನೆಯ ಎರಡೂ ಒಲೆಗಳ ಅನ್ನ ದಿನವೂ ಉಂಡವನು ನಾನೊಬ್ಬನೇ ಆದ್ದರಿಂದ, ಈ ಕೆಲಸ ನನ್ನ ಪಾಲಿಗೆ ಬಂದಿದೆ. ಎಲ್ಲಾದರೂ ತಪ್ಪಿದ್ದರೆ ಅದು ನನ್ನ ತಿಳಿವಳಿಕೆಯ ತಪ್ಪು, ನಮ್ಮ ಊರಿನದಲ್ಲ. ನಮ್ಮ ಊರಿನ ಬಗ್ಗೆ ನನಗೆ ಹೆಮ್ಮೆಯಿದೆ ಎಂಬುದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮಲ್ಲಿ ಹೆಬ್ಬಿದಿರು ಕಾಡಿನಲ್ಲಿ ಬೆಳೆಯುವುದಿಲ್ಲ, ಊರೊಳಗೆ ಬೆಳೆಯುತ್ತದೆ. ಅದರ ಬೇರು ನೆಲದಡಿಯಲ್ಲಿ ಬೀದಿಬೀದಿ ತಿರುಗಿ, ತನಗೆ ಇಷ್ಟ ಬಂದ ಕಡೆ ಮೂತಿ ಎತ್ತುತ್ತದೆ. ಒಬ್ಬರಿಗೆ ಜಗಲಿಯಲ್ಲಿ, ಇನ್ನೊಬ್ಬರಿಗೆ ಪಡಸಾಲೆಯಲ್ಲಿ. ಶಾಲೆಯ ಮೂರನೇ ತರಗತಿಯಲ್ಲಿ ಕರಿಹಲಗೆಯ ಮುಂದೆಯೇ ಎದ್ದಾಗ ಮೇಷ್ಟರು ಹಲಗೆಯನ್ನು ಹಿಂದಿನ ಗೋಡೆಗೆ ಹಾಕಿ, ಮಕ್ಕಳನ್ನೆಲ್ಲ ತಿರುಗಿ ಕೂರಿಸಿದರು. ಕ್ಷೌರದಂಗಡಿಯ ಚಿಕ್ಕೀರಪ್ಪನಿಗೆ ಕುರ್ಚಿಯ ಕೆಳಗೇ ಎದ್ದಿತು. ಅರ್ಧ ಗಡ್ಡ ಹೆರೆಸಿಕೊಂಡಿದ್ದ ಗಿರಾಕಿ ಉಳಿದರ್ಧವನ್ನು ಬೀದಿಯಲ್ಲಿ ಕೂತು ಮುಗಿಸಿಕೊಂಡ. ಹೊಳೆದಂಡೆಯಲ್ಲಿ ಎದ್ದ ಎಳೆ ಮೊಳಕೆಯನ್ನು, ಅಂದರೆ ಕಳಲೆಯನ್ನು, ನಾವು ಕಿತ್ತು ಸಾರು ಮಾಡುತ್ತೇವೆ, ಉಪ್ಪಿನಕಾಯಿ ಹಾಕುತ್ತೇವೆ. ಸೂರಿನ ಕೆಳಗೆ ಎದ್ದ ಕಳಲೆಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಅದಕ್ಕೆ ಮನೆಯೇ ದಾರಿ ಬಿಡಬೇಕು.

ದಾರಿ ಬಿಡುವುದು ಹೊರಗಿನವರು ಅಂದುಕೊಳ್ಳುವಷ್ಟು ಕಷ್ಟವಲ್ಲ. ಬೇರೆ ಮರಗಳು ಸಣಕಲಾಗಿ ಹುಟ್ಟಿ, ವರ್ಷ ವರ್ಷ ಮೈ ತುಂಬಿಕೊಳ್ಳುತ್ತವೆ. ಹೆಬ್ಬಿದಿರು ಹುಟ್ಟುವಾಗಲೇ ತನ್ನ ಪೂರ್ತಿ ದಪ್ಪದಲ್ಲಿ ಹುಟ್ಟುತ್ತದೆ. ನೆಲ ಸೀಳಿ ಬಂದ ದಿನ ಎರಡು ಅಂಗೈ ಸುತ್ತಿದರೂ ಮುಗಿಯದಷ್ಟು ದಪ್ಪವಿದ್ದರೆ, ಕಡಿಯುವ ದಿನವೂ ಅಷ್ಟೇ. ಹಾಗಾಗಿ ಸೂರು ಕೊರೆಯುವವರು ಕಳಲೆಯ ಸುತ್ತಳತೆಗೆ ಒಂದು ಹಗ್ಗ ಹಿಡಿದು, ಅದೇ ಅಳತೆಗೆ ತಾರಸಿಯಲ್ಲಿ ತೂತು ಮಾಡಿಬಿಡುತ್ತಾರೆ. ಆಮೇಲೆ ಒಂದು ಹನಿಯೂ ಒಳಗೆ ಸೋರುವುದಿಲ್ಲ. ಉದ್ದವೆಲ್ಲ ಒಂದೇ ಮಳೆಗಾಲದಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಮಂಡಿಯೆತ್ತರವಿದ್ದದ್ದು ಸಂಜೆಗೆ ಸೊಂಟಕ್ಕೆ ಬಂದಿರುತ್ತದೆ. ನಮ್ಮ ಊರಿನ ಮಕ್ಕಳು ಊಟಕ್ಕೆ ಹಟ ಮಾಡಿದರೆ ತಾಯಂದಿರು ಕಳಲೆಯ ಪಕ್ಕ ನಿಲ್ಲಿಸುತ್ತಾರೆ. ಮಗು ಸೋಲುತ್ತದೆ, ಉಣ್ಣುತ್ತದೆ.

ನೀರು ತರುವ ಅಂಡೆ, ಬೆಟ್ಟದ ಬುಗ್ಗೆಯಿಂದ ಬೀದಿಗೆ ನೀರಿಳಿಸುವ ಕೊಳವೆ, ತೊಟ್ಟಿಲು, ಏಣಿ, ಗೋಡೆಯ ತಟ್ಟಿ, ಹೊಳೆಯ ತೆಪ್ಪ, ಕೊನೆಗೆ ಹೆಣ ಹೊರುವ ಚಟ್ಟ, ಎಲ್ಲವೂ ಅದರದ್ದೇ. ಆದರೆ ಎಳೆಯ ಗಳವನ್ನು ಕಡಿದರೆ ಯಾವುದಕ್ಕೂ ಬರುವುದಿಲ್ಲ. ಒಳಗಿನ ನೀರು ಆರುತ್ತಿದ್ದಂತೆ ಅದು ಕುಗ್ಗುತ್ತದೆ, ಸೀಳುತ್ತದೆ, ಅದರ ಸಿಹಿಗೆ ಕುಟ್ಟೆ ಹುಳ ಬಂದು ಹಿಟ್ಟು ಮಾಡಿಬಿಡುತ್ತದೆ. ನಾಲ್ಕು ವರ್ಷ ನಿಂತರೆ ಮಾತ್ರ ಗಳ. ದಪ್ಪ ನೋಡಿ, ಎತ್ತರ ನೋಡಿ ಅದರ ವಯಸ್ಸು ಹೇಳಲಾಗುವುದಿಲ್ಲವಲ್ಲ. ಅದಕ್ಕಾಗಿಯೇ ಉಡುದಾರ. ಪ್ರತಿ ವರ್ಷ ಊರಿನ ಮೊದಲ ಕಳಲೆ ಎದ್ದ ಸುದ್ದಿ ಕೂಗಿದ ದಿನ, ಪ್ರತಿ ಮನೆಯ ಯಜಮಾನಿ ತನ್ನ ಮನೆಯ ಗಳಕ್ಕೆ, ಕೂಸಿಗೆ ಕಟ್ಟುವಂತೆ, ಒಂದು ಉಡುದಾರ ಕಟ್ಟುತ್ತಾಳೆ. ನಾಲ್ಕು ದಾರವಾದರೆ ಗಳ ಊರಿಗೆ ಸೇರಿತು. ಗಳದ ವಯಸ್ಸನ್ನು ದಾರ ಕಟ್ಟಿದವಳು ಮಾತ್ರ ಹೇಳಬಹುದು. ಮನೆಯ ಗಂಡಸರೂ, ನೆರೆಯವರೂ ಬಾಯಿ ಹಾಕುವಂತಿಲ್ಲ. ಈ ಕಟ್ಟಳೆಯನ್ನು ಯಾರು ಯಾವಾಗ ಮಾಡಿದರೋ, ನಾವು ಇವತ್ತಿಗೂ ಮೀರಿಲ್ಲ.

ನಮ್ಮ ಮನೆಯಲ್ಲಿ ಯಜಮಾನಿ ಯಾರು ಎಂಬುದೇ ಜಗಳವಾಗಿತ್ತು.

ನಮ್ಮ ಅವ್ವ ಮಂಚಮ್ಮ. ಅತ್ತಿಗೆ ಇಂದ್ರಾಣಿ. ಅಣ್ಣ ಜವರಯ್ಯ ತೆಪ್ಪದವನು, ಗಳದ ಕಟ್ಟುಗಳನ್ನು ಕೆಳಗಿನ ಊರುಗಳಿಗೆ ತೇಲಿಸಿಕೊಂಡು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅತ್ತಿಗೆ ಮೇಲಿನ ಕೇರಿಯವಳು. ಬಂದ ವರ್ಷವೇ ಕಳಲೆ ಸಾರಿನ ಮೇಲೆ ಮಾತು ಬೆಳೆಯಿತು. ಕಳಲೆಯನ್ನು ಹೆಚ್ಚಿ ನೆನೆಹಾಕಿ, ನೀರು ಬದಲಿಸಿ ಬದಲಿಸಿ ಕಹಿ ತೆಗೆಯಬೇಕು. ಅವ್ವ ಮೂರು ಸಲ ಬದಲಿಸುವವಳು, ಅತ್ತಿಗೆ ಎರಡೇ ಸಲ.

"ಕಹಿ ಒಸಿ ಇರ್ಲಿ ಅತ್ತೆಮ್ಮ. ಇಲ್ದಿದ್ರೆ ಕಳಲೆ ಯಾವ್ದು, ಸೋರೆಕಾಯಿ ಯಾವ್ದು ಅಂತ ಗೊತ್ತಾಗದು ಬ್ಯಾಡ್ವಾ," ಎಂದಳು ಅತ್ತಿಗೆ.

"ನಿಮ್ಮ ಕೇರಿಯೋರ್ ನಾಲಿಗೇನೇ ಕಹಿ. ಅದಕ್ಕೆ ನಿಂಗೆ ಸಾರಲ್ಲಿ ಇರೋದು ಗೊತ್ತಾಗಲ್ಲ," ಎಂದಳು ಅವ್ವ.

ಅಣ್ಣ ಮುಂದಿನ ಸಲ ಬರುವಷ್ಟರಲ್ಲಿ ಮನೆಯ ನಡುವೆ ತಟ್ಟಿಯ ಗೋಡೆ ಎದ್ದಿತ್ತು. ಒಲೆ ಎರಡು, ಬಾಗಿಲು ಎರಡು. ಅಣ್ಣ ಬೀದಿಯಲ್ಲಿ ನಿಂತು ಯಾವ ಬಾಗಿಲಿಗೆ ಹೋಗಲಿ ಎಂದು ಯೋಚಿಸಿ, ಕೊನೆಗೆ ನನ್ನನ್ನು ಹೊರಗೆ ಕರೆದು ಮಾತಾಡಿಸಿದ. ನಾನು ಬೆಳಿಗ್ಗೆ ಅವ್ವನ ಕಡೆ, ಸಂಜೆ ಶಾಲೆಗೆ ಹೋಗುವ ಮೊದಲು ಅತ್ತಿಗೆಯ ಕಡೆ ಉಣ್ಣುವುದೆಂದು ಅವರವರೇ ತೀರ್ಮಾನಿಸಿದ್ದರು. ಎರಡೂ ಕಡೆ ಕಳಲೆ ಸಾರು ಚೆನ್ನಾಗಿದೆ ಎನ್ನುತ್ತಿದ್ದೆ. ನಿಜವಾಗಿಯೂ ಚೆನ್ನಾಗಿತ್ತು.

ಹೀಗಿರುವಾಗ ಒಂದು ಮಳೆಗಾಲ ಹೆಬ್ಬಿದಿರು ನಮ್ಮ ಮನೆಯಲ್ಲೂ ಎದ್ದಿತು. ಅದುವರೆಗೆ ನಮ್ಮದು ಬರಿನೆಲದ ಮನೆ. ಬರಿನೆಲದ ಮನೆಗೆ ಹೆಣ್ಣು ಕೊಡುವಾಗ ಜನ ಎರಡು ಸಲ ಯೋಚಿಸುತ್ತಾರೆ. ಹಾಗಾಗಿ ನೆಲ ಉಬ್ಬಿದ್ದು ಕಂಡಾಗ ಅವ್ವ ಕುಣಿಯುವುದೊಂದು ಬಾಕಿ. ಆದರೆ ಎದ್ದದ್ದು ಸರಿಯಾಗಿ ತಟ್ಟಿಯ ಗೋಡೆಯ ಬುಡದಲ್ಲಿ. ಕಂದು ಬಣ್ಣದ ಕವಚ ಹೊದ್ದ ಮೂತಿ ಗೋಡೆಯನ್ನೇ ಮೇಲಕ್ಕೆತ್ತಿಕೊಂಡು ಬಂತು. ಗೋಡೆಯನ್ನು ಸೀಳಿ ದಾರಿ ಬಿಟ್ಟರು. ಮಳೆಗಾಲ ಮುಗಿಯುವಾಗ ಅರ್ಧ ಗಳ ಅವ್ವನ ಅಡಿಗೆಮನೆಯಲ್ಲಿ, ಅರ್ಧ ಅತ್ತಿಗೆಯ ಅಡಿಗೆಮನೆಯಲ್ಲಿ, ತಲೆ ಮಾತ್ರ ಇಬ್ಬರನ್ನೂ ಬಿಟ್ಟು ಸೂರಿನಾಚೆ ಗಾಳಿಯಲ್ಲಿ.

ಮುಂದಿನ ವರ್ಷ ಮೊದಲ ಕಳಲೆಯ ಸುದ್ದಿ ಕೂಗಿದ ದಿನ ಅವ್ವ ಕೆಂಪು ದಾರ ಕಟ್ಟಿದಳು. ಆಕೆ ನೀರಿಗೆ ಹೋದಾಗ ಅತ್ತಿಗೆ ಅದರ ಮೇಲೊಂದು ಹಳದಿ ದಾರ ಕಟ್ಟಿದಳು. ಕದ್ದು ಕಟ್ಟಿದ್ದೇನಲ್ಲ. ದಾರ ಗಳವನ್ನು ಪೂರಾ ಸುತ್ತಿಕೊಂಡಿರುತ್ತದೆ, ಎರಡೂ ಕಡೆಗೆ ಕಾಣುತ್ತದೆ. ಅವ್ವ ಬಂದು ನೋಡಿ, "ಮೇಲಿನ ಕೇರಿಯೋರು ಗೂಟಕ್ಕೂ ದಾರ ಕಟ್ತಾರೆ, ಕಟ್ಲಿ ಬುಡು. ನಂದು ಉಡುದಾರ, ಅದು ಬರೀ ನೂಲು," ಎಂದಳು. ಗೋಡೆಯ ಆಚೆಯಿಂದ ಅತ್ತಿಗೆ ಯಾರಿಗೋ ಹೇಳುವಂತೆ, "ಮದ್ವೆಯಾಗಿ ಬಂದ ಸೊಸೆ ಕಟ್ಟಿದ್ರೇನೇ ಅದು ಉಡುದಾರ. ಅತ್ತೆ ಕಟ್ಟೋದು ಅಭ್ಯಾಸಬಲ," ಎಂದಳು. ಎರಡನೆಯ ವರ್ಷವೂ ಇದೇ ಆಯಿತು. ಒಬ್ಬರ ದಾರವನ್ನು ಇನ್ನೊಬ್ಬರು ದಾರವೆಂದೇ ಎಣಿಸಲಿಲ್ಲ. ಇಬ್ಬರ ಲೆಕ್ಕದಲ್ಲೂ ಗಳಕ್ಕೆ ಎರಡು ವರ್ಷ. ಗಳದ ಮೈಮೇಲೆ ಮಾತ್ರ ನಾಲ್ಕು ದಾರ.

ಆ ವರ್ಷವೇ ಊರಿನ ಹಳೆಯ ಸೇತುವೆ ಬಿಚ್ಚಿ ಹೊಸದು ಕಟ್ಟುವುದೆಂದಾಯಿತು. ಹೊಳೆಯ ನಟ್ಟನಡುವೆ ನೀರಿನಲ್ಲಿ ನಿಲ್ಲುವ ಒಂದು ಗಳಕ್ಕೆ ನಾವು ನಡುಗಂಬ ಎನ್ನುತ್ತೇವೆ. ಎರಡು ದಡದಿಂದ ಬರುವ ಭಾರವೆಲ್ಲ ಅದರ ಮೇಲೆ ಕೂರುತ್ತದೆ. ನಡುಗಂಬ ಯಾವ ಮನೆಯದೋ, ಆ ಮನೆಯ ಯಜಮಾನಿಯ ಹೆಸರು ಸೇತುವೆಗೆ. ಆಗ ಇದ್ದದ್ದು ಗುರುಬಸವಿ ಸೇತುವೆ. ಗುರುಬಸವಿ ಯಾರೆಂದು ಕಂಡವರು ಯಾರೂ ಉಳಿದಿರಲಿಲ್ಲ, ಹೆಸರು ಮಾತ್ರ ದಿನವೂ ಎಲ್ಲರ ಬಾಯಲ್ಲಿತ್ತು.

ಗಳ ಆರಿಸುವ ಯಜಮಾನ ಬೋರಲಿಂಗಪ್ಪ ನಮ್ಮ ಮನೆಯ ಮುಂದೆ ನಿಂತು, "ಯಾವ್ ಬಾಗ್ಲಲ್ಲಿ ಬರ್ಲವ್ವ?" ಎಂದ. ಎರಡೂ ಬಾಗಿಲಿನಿಂದ "ಇಲ್ಲೇ ಬನ್ನಿ" ಎಂದು ಬಂತು. ಬುದ್ಧಿವಂತ, ಅವ್ವನ ಬಾಗಿಲಲ್ಲಿ ಒಳಗೆ ಬಂದು ಅತ್ತಿಗೆಯ ಬಾಗಿಲಲ್ಲಿ ಹೊರಗೆ ಹೋದ. ನಡುವೆ ಗಳ ನೋಡಿದ. ಎಳೆಯ ಗಳಕ್ಕೆ ಹಸಿರು ಮೈ, ಮೇಲೊಂದು ಬಿಳಿಯ ಬೂದಿ ಇರುತ್ತದೆ. ನಮ್ಮ ಗಳದಲ್ಲಿ ಅದೇನೂ ಇರಲಿಲ್ಲ. ಎರಡು ಒಲೆಯ ಹೊಗೆ ಕುಡಿದು, ಇಬ್ಬರು ಹೆಂಗಸರು ಪೈಪೋಟಿಯ ಮೇಲೆ ದಿನವೂ ಒರೆಸಿ ಒರೆಸಿ ಅದು ಹಳೆಯ ಜೇನಿನ ಬಣ್ಣಕ್ಕೆ ತಿರುಗಿತ್ತು. ಬೆರಳ ಗಿಣ್ಣಿನಿಂದ ತಟ್ಟಿ ದನಿ ಕೇಳಿದ. ಎರಡೂ ಕಡೆ ಹಲಗೆ ಬಿಗಿದು ಪಾತ್ರೆ ಜೋಡಿಸಿದ್ದರಿಂದ ಪಾತ್ರೆಗಳೇ ದನಿ ಕೊಟ್ಟವು.

"ಇದ್ರ ದನಿ ಕೇಳ್ಬೇಕಂದ್ರೆ ನಿಮ್ ಅಡಿಗೆಮನೆ ಎರಡೂ ಖಾಲಿ ಮಾಡ್ಬೇಕಾಯ್ತದೆ," ಎಂದು ನಕ್ಕು, ಬಗ್ಗಿ ದಾರ ಎಣಿಸಿದ. "ಕೆಂಪು, ಹಳದಿ, ಕೆಂಪು, ಹಳದಿ. ನಾಕು." ದಾರಗಳ ಮೇಲೆ ಬೆರಳಾಡಿಸಿದ. "ಒಂದೊರ್ಸ ಅತ್ತೆ, ಒಂದೊರ್ಸ ಸೊಸೆ. ಸರದಿ ಮೇಲೆ ಕಟ್ಟವ್ರೆ. ಗೋಡೆ ನಡುವೆ ಇದ್ರೂ ಹಿಂಗೆ ಸರದಿ ಪಾಲಿಸಿದ್ ಮನೆ ನನ್ ಕಾಲ್ದಲ್ಲಿ ನಾನು ನೋಡ್ನಿಲ್ಲ. ನಡುಗಂಬ ಇದೇಯ. ಸೇತುವೆಗೆ ಇಬ್ರ ಹೆಸ್ರೂ ಇಡಾನ."

ಅವ್ವ ಬಾಯಿ ತೆರೆದಳು. ಅತ್ತಿಗೆಯೂ ತೆರೆದಳು. ಇಬ್ಬರೂ ಮುಚ್ಚಿದರು. ಗೋಡೆ ಎದ್ದ ಮೇಲೆ ಅವರಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು.

ಸುದ್ದಿ ಬೀದಿಗೆ ಬಿತ್ತು. ಮಂಚಮ್ಮನ ಮನೆಯ ಅತ್ತೆ ಸೊಸೆ ದಾರ ಕಟ್ಟುವುದರಲ್ಲೂ ಸರದಿ ಇಟ್ಟುಕೊಂಡಿದ್ದಾರಂತೆ ಎಂದು ಜನ ನೋಡಲು ಬಂದರು. ಮೂಲೆಮನೆಯ ಸಾಕವ್ವ ತನ್ನ ಇಬ್ಬರು ಸೊಸೆಯರನ್ನು ಕರೆದುಕೊಂಡು ಬಂದು ಗಳದ ಮುಂದೆ ನಿಲ್ಲಿಸಿದಳು.

"ನೋಡ್ರೇ, ಕಣ್ ಬುಟ್ಟು ನೋಡ್ರಿ. ಹಿಂಗಿರ್ಬೇಕು ಸಂಸಾರ ಅಂದ್ರೆ."

"ಇವ್ರಿಗೆ ಒಲೆ ಎರಡ್ ಅವೆ ಅತ್ತೆಮ್ಮ," ಎಂದಳು ಕಿರಿಯ ಸೊಸೆ. "ನಮಗೂ ಎರಡ್ ಮಾಡ್ಕೊಡಿ, ನಾವೂ ಹಿಂಗೇ ಇರ್ತೀವಿ."

ಹೊಗಳಿಕೆ ಕೇಳಿ ಕೇಳಿ ನಮ್ಮವರು ಅದಕ್ಕೆ ತಕ್ಕಂತೆ ನಡೆಯತೊಡಗಿದರು. ನೀರಿನ ಕೊಳವೆಯ ಹತ್ತಿರ ಅವ್ವ "ನಮ್ಮ ಇಂದ್ರಾಣಿ" ಎನ್ನುತ್ತಿದ್ದಳು. ಅತ್ತಿಗೆ ನಾಲ್ಕು ಜನ ಇದ್ದಾಗ ಅವ್ವನ ಅಂಡೆಯನ್ನು ತಾನು ಎತ್ತಿಕೊಳ್ಳುತ್ತಿದ್ದಳು. ಮನೆಯೊಳಗೆ ಬಂದ ಕೂಡಲೇ ಅಂಡೆ ನೆಲಕ್ಕೆ, ಬಾಯಿಗೆ ಬೀಗ. ಗಳಕ್ಕೆ ಎರಡೇ ವರ್ಷವೆಂದು ನನಗೂ ಗೊತ್ತಿತ್ತು. ಹೇಳೋಣವೆಂದರೆ ನನಗೆ ಬಾಯಿಲ್ಲ. ದಾರ ಕಟ್ಟಿದವರು ಅವರು.

ಅತ್ತಿಗೆ ಮಧ್ಯಾಹ್ನ ನನಗೆ ಬುತ್ತಿ ತರುತ್ತಿದ್ದಳು. ಗಳದ ಅಂಗಳ ಹೊಳೆಯ ದಡದಲ್ಲೇ ಇದೆ. ಅಂದು ಹಳೆಯ ಸೇತುವೆ ಬಿಚ್ಚುತ್ತಿದ್ದರು. ಗುರುಬಸವಿಯ ನಡುಗಂಬವನ್ನು ಹಗ್ಗ ಹಾಕಿ ಎಳೆದು ದಡಕ್ಕೆ ಹಾಕಿದರು. ನೀರಿನಲ್ಲಿ ಅಷ್ಟು ಕಾಲ ನಿಂತಿದ್ದ ಗಳ ಕಲ್ಲಿನಂತಿತ್ತು, ಎಲ್ಲೂ ಒಂದು ಸೀಳಿಲ್ಲ. ಕೆಲಸದವರು ಅದಕ್ಕೆ ಕೈ ಮುಗಿದು ಪಕ್ಕಕ್ಕಿಟ್ಟರು. ಅತ್ತಿಗೆ ಬುತ್ತಿ ಕೆಳಗಿಟ್ಟು ಹೋಗಿ ಅದರ ಮೈ ಸವರಿದಳು. ಉಗುರಿನಿಂದ ಒತ್ತಿದಳು. ಆಮೇಲೆ ದಡದಿಂದ ದಡಕ್ಕೆ ತಾತ್ಕಾಲಿಕವಾಗಿ ಬಿಗಿದಿದ್ದ ತೆಪ್ಪಗಳ ಮೇಲೆ ಶಾಲೆಯ ಮಕ್ಕಳು ಸಾಲಾಗಿ ದಾಟುವುದನ್ನು ನೋಡುತ್ತ ಕೂತಳು. ಸೇತುವೆ ಮುಗಿದ ಮೇಲೆ ಅದೇ ಮಕ್ಕಳು ಅದರ ಮೇಲೆ ಓಡುವವರು. ಅಣ್ಣನ ತೆಪ್ಪ ಅದರ ಕೆಳಗೆ ಹಾಯುವುದು.

"ಪುಟ್ಟಸಾಮಿ," ಎಂದಳು. ಅದು ನನ್ನ ಹೆಸರು. "ನಮ್ಮ ಗಳಕ್ಕೆ ರಾತ್ರಿ ಕಿವಿಯಿಟ್ಟು ಕೇಳಿದೀನಿ ಕಣಪ್ಪ. ಒಳಗೆ ಇನ್ನೂ ನೀರ್ ಏರ್ತದೆ."

"ಹೇಳ್ಬಿಡಿ ಅತ್ತಿಗೆ."

"ಹೆಂಗ್ ಹೇಳ್ಲಿ? ಎರಡೊರ್ಸ ಅಂದ್ರೆ, ಉಳಿದ ಎರಡ್ ದಾರ ಏನು ಅಂತಾರೆ. ನಂದು ಸುಳ್ಳು ಅನ್ಬೇಕು, ಇಲ್ಲ ಅವ್ರದ್ದು ಸುಳ್ಳು ಅನ್ಬೇಕು. ಇಲ್ದಿದ್ರೆ ಎರಡೂ ನಿಜ, ಒಂದೇ ದಿನ ಜಗಳಕ್ಕೆ ಕಟ್ಟಿದ್ವಿ ಅನ್ಬೇಕು. ಊರೆಲ್ಲಾ ನಮ್ಮ ಮನೆ ನೋಡಿ ಬುದ್ಧಿ ಕಲೀರಿ ಅಂತಾವ್ರೆ." ಬುತ್ತಿಯ ಗಂಟು ಬಿಚ್ಚಿ ನನ್ನ ಮುಂದಿಟ್ಟು, "ಈ ಮನೆಗೆ ಬಂದ್ಮೇಲೆ ನನ್ ಹೆಸ್ರನ್ನ ಯಾರಾದ್ರೂ ಗಟ್ಟಿಯಾಗಿ ಅಂದಿದ್ದು ಇದೇ ಮೊದ್ಲು," ಎಂದಳು.

ಅಂದು ಸಂಜೆ ನಾನು ಶಾಲೆಗೆ ಹೊರಡುವ ಮೊದಲು ಅತ್ತಿಗೆ ಗೋಡೆಯ ಹತ್ತಿರ ಹೋಗಿ ನಿಂತಳು.

"ಅತ್ತೆಮ್ಮ."

ಆ ಕಡೆ ಸೌಟು ನಿಂತಿತು.

"ಗಳಕ್ಕೆ ಎರಡೇ ವರ್ಸ."

"ನಂಗೂ ಎಣಿಸಾಕೆ ಬತ್ತದೆ," ಎಂದಿತು ಅವ್ವನ ದನಿ.

"ಸೇತುವೆ ಮೇಲೆ ಜನ ಓಡಾಡ್ತಾರೆ."

"ಓಡಾಡ್ಲಿ ಅಂತಾನೇ ಕಟ್ಟಾದು. ನೋಡು, ಇದು ಎರಡ್ ಒಲೆ ಹೊಗೆ ಕುಡಿದಿರೋ ಗಳ. ಬೇರೆ ಮನೆಯೋರ ನಾಕೊರ್ಸ ನಮ್ಮ ಎರಡೊರ್ಸಕ್ಕೆ ಸಮ."

"ಅಂಗಂತ ಯಜಮಾನ್ರಿಗೆ ಹೇಳಾನ, ನಡೀರಿ."

ಆ ಕಡೆ ಸೌಟು ಮತ್ತೆ ಆಡತೊಡಗಿತು. "ನೀನೇ ಹೇಳು," ಎಂದಳು ಅವ್ವ. "ದಾರ ನಮ್ಮತ್ತೆದು, ನಾನ್ ಕಟ್ಟಿದ್ದು ಬರೀ ನೂಲು ಅಂತ ಹೇಳು. ಲೆಕ್ಕ ಸರಿಹೋಯ್ತದೆ."

"ನನ್ನದು ಯಾಕೆ ನೂಲಾಯ್ತದೆ?"

"ಅಂಗಾದ್ರೆ ಸುಮ್ಕಿರು."

ಅತ್ತಿಗೆ ಒಲೆಯ ಮುಂದೆ ಹೋಗಿ ಕೂತಳು. ನನಗೆ ತಟ್ಟೆ ಹಾಕಲು ಮರೆತಳು. ನಾನು ಹಸಿದೇ ಶಾಲೆಗೆ ಹೋಗಿ, ಅಂದು ಹೇಳಿಕೊಟ್ಟ ಪಾಠ ಯಾವುದೆಂದೂ ತಿಳಿಯದೆ ಬಂದೆ.

ಗಳ ಕಡಿಯುವ ದಿನ ನಮ್ಮ ಬೀದಿ ತುಂಬಿತ್ತು. ಕಡಿಯುವ ಮೊದಲು ಉಡುದಾರ ಬಿಚ್ಚುತ್ತಾರೆ. ಬುಡದ ದಾರದಿಂದ ಶುರು ಮಾಡಿ, ಕಟ್ಟಿದವಳು ಒಂದೊಂದನ್ನೇ ಬಿಚ್ಚುತ್ತ, ಆ ವರ್ಷ ಮನೆಯಲ್ಲಿ ಏನಾಯಿತೆಂದು ಗಟ್ಟಿಯಾಗಿ ಹೇಳಬೇಕು. ಊರು ಅದನ್ನು ಕೇಳಿಸಿಕೊಂಡು "ಆಯಿತು" ಎನ್ನಬೇಕು. ನಾಲ್ಕು ಸಲ ಆಯಿತು ಎಂದರೆ ಗರಗಸ ಇಡಬಹುದು. ಜನ ಒಳಗೆ ಹಿಡಿಯಲಿಲ್ಲವೆಂದು ಯಾರೋ ತಟ್ಟಿಯ ಗೋಡೆಯ ಎರಡು ಪಟ್ಟಿ ಕಳಚಿದರು. ಬೋರಲಿಂಗಪ್ಪ ಗರಗಸಕ್ಕೆ ಎಣ್ಣೆ ಸವರಿ ನಿಂತ. ಅವ್ವ ಪೆಟ್ಟಿಗೆಯ ಸೀರೆ ಉಟ್ಟಿದ್ದಳು. ಅತ್ತಿಗೆ ದಿನದ ಸೀರೆಯಲ್ಲೇ ಇದ್ದಳು.

ಅವ್ವ ಬಗ್ಗಿ ಮೊದಲ ಕೆಂಪು ದಾರ ಬಿಚ್ಚಿದಳು. "ಈ ವರ್ಸ ನನ್ನ ಮಗ ಜವರನ ತೆಪ್ಪ ಕೆಳಗಿನ್ ತಿರುವಲ್ಲಿ ಬಂಡೆಗೆ ಸಿಕ್ತು. ಕಾಲು ಊದಿಸ್ಕೊಂಡು ಮೂರ್ ಊರು ನಡ್ಕೊಂಡು ಬಂದ. ಕೈಯಲ್ಲೊಂದ್ ಮೀನು ಹಿಡ್ಕೊಂಡೇ ಬಂದಿದ್ದ."

"ಆಯಿತು," ಎಂದರು ಜನ, ನಗುತ್ತ.

ಅತ್ತಿಗೆ ಮುಂದೆ ಬಂದಳು. ಹಳದಿ ದಾರದ ಗಂಟಿಗೆ ಕೈಯಿಟ್ಟಳು. ಆ ದಾರಕ್ಕೆ ಬೇರೊಂದು ವರ್ಷ ಬೇಕಿತ್ತು. ಒಂದು ವರ್ಷ ಕಟ್ಟಿ ಹೇಳುವುದೇನು ದೊಡ್ಡದಲ್ಲ. ಯಾವುದೋ ಜ್ವರ, ಯಾವುದೋ ಮಳೆ, ಯಾರೂ ಕೇಳುತ್ತಿರಲಿಲ್ಲ. ಗಂಟು ಬಿಗಿಯಾಗಿತ್ತು. ಬಿಚ್ಚಲು ಹೊತ್ತಾಯಿತು. ದಾರ ಕೈಗೆ ಬಂದ ಮೇಲೂ ಅವಳು ಎದ್ದು ನಿಲ್ಲಲಿಲ್ಲ. ಕೂತೇ ಹೇಳಿದಳು.

"ಈ ವರ್ಸ ನನ್ ಗಂಡನ್ ತೆಪ್ಪ ಬಂಡೆಗೆ ಸಿಕ್ತು. ಕಾಲು ಊದಿಸ್ಕೊಂಡು ಬಂದ್ರು."

ಜನ "ಆ" ಎಂದು ಶುರು ಮಾಡಿ ಅಲ್ಲೇ ನಿಂತರು.

"ಒಂದೇ ವರ್ಸ," ಎಂದಳು ಅತ್ತಿಗೆ. "ಅತ್ತೆಮ್ಮ ಕಟ್ಟಿದ್ದೂ ಉಡುದಾರಾನೇ. ನಾನು ಕಟ್ಟಿದ್ದೂ ಉಡುದಾರಾನೇ. ಇಬ್ರೂ ಒಂದೇ ದಿನ ಕಟ್ಟಿದ್ದು. ಮೇಲಿನವೆರಡೂ ಅಂಗೇಯ. ಅವ್ರು ಬೆಳಿಗ್ಗೆ ಕಟ್ತಿದ್ರು, ಅವ್ರು ನೀರಿಗೋದಾಗ ನಾನ್ ಕಟ್ತಿದ್ದೆ. ಸರದಿ ಗಿರದಿ ಏನಿಲ್ಲ. ಗಳ ಎಳೇದು."

ನಾನು ಅವ್ವನ ಮುಖ ನೋಡಿದೆ. ಕಿವಿಯವರೆಗೆ ಕೆಂಪೇರಿತ್ತು. ಈಗ ಇಲ್ಲವೆನ್ನುತ್ತಾಳೆ, ಮೇಲಿನ ಕೇರಿಯವರ ನಾಲಿಗೆ ಎನ್ನುತ್ತಾಳೆ ಎಂದುಕೊಂಡೆ.

"ಬೆಳಿಗ್ಗೆ ಅಲ್ಲ," ಎಂದಳು ಅವ್ವ. "ಕೋಳಿ ಕೂಗಕ್ಕೂ ಮುಂಚೆ. ನಾನು ಕಟ್ಟಿ, ಪೂಜೆ ಮಾಡಿ, ಎಲೆಯಡಿಕೆ ಹಾಕ್ಕೊಂಡು ಕೂತಿದ್ದಾಗ ಇವ್ಳು ಇನ್ನೂ ಕಣ್ಣುಜ್ಜ್‌ತಿದ್ಲು."

"ಎದ್ದಿದ್ದೆ. ಗೋಡೆಯಾಚೆ ನಿಂತು ನೀವು ಯಾವಾಗ ನೀರಿಗೋಗ್ತೀರಾ ಅಂತ ನೋಡ್ತಿದ್ದೆ."

"ನೋಡುದ್ರಾ, ಎಂಥಾ ಕಳ್ಳಿ ಅಂತ. ಎರಡ್ನೇ ವರ್ಸ ನಾನ್ ಬೇಕಂತಾನೇ ತಡ ಮಾಡ್ದೆ, ಇವ್ಳ ಸೊಂಟ ನೋಯ್ಲಿ ಅಂತ."

ಬೋರಲಿಂಗಪ್ಪ ಗರಗಸವನ್ನು ಗೋಡೆಗೆ ಒರಗಿಸಿದ. "ತಡೀರವ್ವ, ತಡೀರಿ. ಅಂಗಾದ್ರೆ ಈ ಗಳಕ್ಕೆ ಎರಡೇ ವರ್ಸವಾ?"

"ಎರಡೇ ಅಂತ ಯಾಕಂತೀಯ ಬೋರಲಿಂಗ," ಎಂದಳು ಅವ್ವ. "ಪೂರಾ ಎರಡು. ಇಬ್ರು ಹೆಂಗಸ್ರು ಕಟ್ಟಿರಾ ಎರಡು. ನಿನ್ ಮನೆ ಗಳಕ್ಕೆ ಯಾವಳು ಇಷ್ಟ್ ಹೊತ್ತಿಗೆ ಎದ್ದು ದಾರ ಕಟ್ಟವ್ಳೆ, ತೋರ್ಸು."

ಮೊದಲು ನಕ್ಕವಳು ಸಾಕವ್ವನ ಕಿರಿಯ ಸೊಸೆ. ಆಮೇಲೆ ಬೀದಿಯೇ ನಕ್ಕಿತು. ಬೋರಲಿಂಗಪ್ಪ ನಗಲಿಲ್ಲ. ಅವನು ಗಳಕ್ಕೆ ಬಿಗಿದಿದ್ದ ಹಲಗೆಗಳಿಂದ ಪಾತ್ರೆಗಳನ್ನು ತಾನೇ ಒಂದೊಂದಾಗಿ ಇಳಿಸಿ, ಕಿವಿಯಿಟ್ಟು, ಗಿಣ್ಣಿನಿಂದ ತಟ್ಟಿದ. ಹಸಿ ದನಿ ಬಂತು. ಎಲ್ಲರಿಗೂ ಕೇಳಿಸಿತು. ಅವನು ಟವೆಲಿನಿಂದ ಮುಖ ಒರೆಸಿಕೊಂಡು, "ನಾನ್ ಮೊದ್ಲೇ ಪಾತ್ರೆ ಇಳಿಸ್ಬೇಕಿತ್ತು," ಎಂದಷ್ಟೇ ಹೇಳಿದ. ಅತ್ತಿಗೆಯ ಕೈಯಿಂದ ಹಳದಿ ದಾರ, ಅವ್ವನ ಕೈಯಿಂದ ಕೆಂಪು ದಾರ ಈಸಿಕೊಂಡು, ಅವೆರಡನ್ನೂ ಮತ್ತೆ ಗಳಕ್ಕೆ ಕಟ್ಟಿ ಹೊರಟುಹೋದ.

ನಡುಗಂಬಕ್ಕೆ ಸಾಕವ್ವನ ಮನೆಯ ಗಳ ಹೋಯಿತು. ನಾಲ್ಕೂ ಬಿಳಿ ದಾರ, ನಾಲ್ಕೂ ಅವಳೇ ಕಟ್ಟಿದ್ದು, ಬಿಚ್ಚುವಾಗ ಹೇಳಿದ ನಾಲ್ಕು ಕಥೆಯೂ ಅವಳ ಸೊಸೆಯರ ಮೇಲಿನ ದೂರೇ. ಹೊಳೆಗೆ ಈಗ ಇರುವುದು ಸಾಕವ್ವ ಸೇತುವೆ. ಗಟ್ಟಿ ಸೇತುವೆ. ಅದನ್ನು ಹೇಳಲು ನನಗೆ ಸಂಕಟವಿಲ್ಲ.

ಕೆಲವು ದಿನ ನಮ್ಮ ಮನೆಯನ್ನು ಆಡಿಕೊಂಡರು. ನೀರಿನ ಕೊಳವೆಯ ಹತ್ತಿರ ಒಬ್ಬಳು ಅವ್ವನಿಗೆ ಕೇಳಿಸುವಂತೆ, "ಎಳೇ ಗಳನ ನಾಕೊರ್ಸ ಅಂತ ತೋರ್ಸಾಕೆ ಹೊಂಟಿದ್ರಂತೆ," ಎಂದಳು. ಅವ್ವ ಅಂಡೆ ತುಂಬಿಸಿಕೊಂಡಳು. ಆಮೇಲೆ ಅದನ್ನು ಸೊಂಟಕ್ಕೇರಿಸಿ, "ಸೇತುವೆಗೆ ಹೆಸ್ರು ಬರಾ ಹೊತ್ತಲ್ಲಿ, ಊರೋರ್ ಮುಂದೆ ಕೂತು, ಇಲ್ಲ ಅಂತ ಹೇಳಿದ್ದು ಯಾರು? ನಿನ್ ಸೊಸೆಯಾ? ನನ್ ಸೊಸೆ. ನಿಮ್ಮ ಮನೇಲಿ ಅಂಥವಳೊಬ್ಳು ಹುಟ್ಲಿ, ಇಲ್ಲ ಬರ್ಲಿ, ಆಮೇಲೆ ನಾವಿಬ್ರೂ ಮಾತಾಡಾನ," ಎಂದಳು. ನಾನು ಹಿಂದೆಯೇ ಇದ್ದೆ, ಕಿವಿಯಾರೆ ಕೇಳಿದೆ. ಈ ಮಾತನ್ನು ಮನೆಗೆ ಹೋಗಿ ಅತ್ತಿಗೆಗೆ ಹೇಳಿದಾಗ ಅವಳು ನಂಬಲಿಲ್ಲ. ಹೇಳುತ್ತಿದ್ದಂತೆಯೇ ಗೋಡೆಯಾಚೆಯಿಂದ, "ಲೋ ಸಾಮಿ, ಅಲ್ಲಿ ಏನ್ಲಾ ಚಾಡಿ," ಎಂದು ಅವ್ವ ಕೂಗಿದ್ದರಿಂದ ನಂಬಿದಳು.

ಗೋಡೆ ಹೋಗಲಿಲ್ಲ. ಕಳಲೆಗೆ ಆ ಕಡೆ ಮೂರು ನೀರು, ಈ ಕಡೆ ಎರಡು ನೀರು ಹಾಗೆಯೇ ನಡೆಯಿತು. ಮೂರನೆಯ ವರ್ಷ ದಾರ ಕಟ್ಟುವ ದಿನ ಬಂದಾಗ ಇಬ್ಬರೂ ಒಂದೊಂದು ದಾರ ಹಿಡಿದು ಎದುರುಬದುರು ನಿಂತು, ಕೊನೆಗೆ ಆ ವರ್ಷ ಅವ್ವ, ಮರುವರ್ಷ ಅತ್ತಿಗೆ ಎಂದು ಒಪ್ಪಿಕೊಂಡರು. ಊರು ಯಾವುದನ್ನು ಮೆಚ್ಚಿತ್ತೋ ಅದು ಅಲ್ಲಿಂದ ನಿಜವಾಗಿ ಶುರುವಾಯಿತು.

ಗಳ ಬಲಿತ ವರ್ಷ ಕಡಿಯಲು ಬಂದಾಗ ಹೊಸ ನಡುಗಂಬ ಬೇಕಿರಲಿಲ್ಲ. ದಡದ ಇಳಿಜಾರಿನಿಂದ ಸೇತುವೆಗೆ ಏರುವಲ್ಲಿ ಜಾರುತ್ತಿದ್ದರಿಂದ, ಹಿಡಿದುಕೊಳ್ಳಲು ನಮ್ಮ ಗಳವನ್ನು ದಾರಿಯ ಬದಿಗೆ ಅಡ್ಡಕ್ಕೆ ಬಿಗಿದರು. ಜನರ ಅಂಗೈ ತಾಗಿ ತಾಗಿ ಅದು ಕನ್ನಡಿಯಂತಾಗಿದೆ. ಮೊದಲ ದಿನ ಅವ್ವ ಅದರ ಪಕ್ಕ ನಿಂತು ದಾಟುವವರನ್ನು ನೋಡಿ, "ನಡುಗಂಬನ ಯಾರ್ ಮುಟ್ತಾರೆ? ನೀರಲ್ ನಿಂತಿರ್ತದೆ, ಮೀನ್ ಮುಟ್ತವೆ. ಇದನ್ನ ನೋಡು, ಮುಟ್ದಲೆ ಒಬ್ರೂ ದಾಟಂಗಿಲ್ಲ," ಎಂದಳು. ಅತ್ತಿಗೆ, "ಹೌದು ಅತ್ತೆಮ್ಮ," ಎಂದಳು. ಅವಳು ಅವ್ವನ ಮಾತಿಗೆ ಹೌದು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಈಗ ನಾನು ಅಲ್ಲಿ ದಾಟುವಾಗಲೆಲ್ಲ, ಕೈಯಲ್ಲಿ ಏನೇ ಇದ್ದರೂ ಒಂದು ಕೈ ಬಿಡಿಸಿಕೊಂಡು ಅದನ್ನು ಹಿಡಿದೇ ಏರುತ್ತೇನೆ. ಎದೆ ಸ್ವಲ್ಪ ಉಬ್ಬುತ್ತದೆ. ಅದು ತಪ್ಪಿದ್ದರೆ ಇರಲಿ.

ನನಗೆ ತಿಳಿಯದ್ದು ಒಂದಿದೆ. ಅಂದು ಅತ್ತಿಗೆ ಬಾಯಿ ಬಿಡದೆ ಬೇರೊಂದು ವರ್ಷದ ಕಥೆ ಕಟ್ಟಿ ಹೇಳಿದ್ದರೆ, ಮೂರನೆಯ ದಾರಕ್ಕೆ ಬಗ್ಗಿದಾಗ ಅವ್ವ ಏನು ಹೇಳುತ್ತಿದ್ದಳು? ಸುಮ್ಮನಿದ್ದು ಗಳ ಕಡಿಯಲು ಬಿಡುತ್ತಿದ್ದಳೋ, ಅವಳೂ ಹೇಳಿಬಿಡುತ್ತಿದ್ದಳೋ? ಅತ್ತಿಗೆಯನ್ನು ಕೇಳಿದರೆ, "ಹೇಳ್ತಿದ್ರು ಕಣಪ್ಪ, ನನ್ಗಿಂತ ಮುಂಚೆ ಹೇಳ್ಬೇಕಿತ್ತು ಅಂತಾನೇ ಅವ್ರಿಗೆ ಸಿಟ್ಟು," ಎನ್ನುತ್ತಾಳೆ. ಅವ್ವನನ್ನು ಒಂದೇ ಸಲ ಕೇಳಿದ್ದೆ. ಅವಳು ಎಲೆಗೆ ಸುಣ್ಣ ಸವರುತ್ತ, "ನಿಂಗ್ಯಾಕ್ಲಾ," ಎಂದಳು. ಈಗ ಅವಳಿಲ್ಲ. ನನಗೆ ಗೊತ್ತಿಲ್ಲ.